ಎಳೆಯರ ಮನಸ್ಸಿನ ಲೆಕ್ಕ ಬರೆಯುವವರು ಯಾರು?

೨೦೨೫ನೇ ಇಸವಿ ಅಕ್ಟೋಬರ್ ೧ರಂದು ಕೇಂದ್ರ ಮಂತ್ರಿಮಂಡಲ ಒಂದು ಯೋಜನೆಗೆ ಮಂಜೂರಾತಿ ನೀಡಿತು. ವೈದ್ಯ ಮತ್ತು ಜೀವ ವಿಜ್ಞಾನಗಳ ಸಂಶೋಧನೆಯಲ್ಲಿ ತೊಡಗುವವರಿಗೆ, ಅದರಲ್ಲೂ ಆ ಹಾದಿಗೆ ಹೊಸದಾಗಿ ಕಾಲಿಟ್ಟ ತರುಣ ತರುಣಿಯರಿಗೆ, ಫೆಲೋಶಿಪ್ ಕೊಡುವ ಕಾರ್ಯಕ್ರಮದ ಮೂರನೆಯ ಹಂತ ಅದು. ಒಟ್ಟು ವೆಚ್ಚ ೧,೫೦೦ ಕೋಟಿ ರೂಪಾಯಿ. ಅದರಲ್ಲಿ ೧,೦೦೦ ಕೋಟಿ ನಮ್ಮ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯದು. ೫೦೦ ಕೋಟಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟಿನದು. ೨೦೩೦-೩೧ರ ವರೆಗೆ ಹೊಸ ಫೆಲೋಶಿಪ್ಪುಗಳನ್ನು ಕೊಡುವುದು, ಕೊಟ್ಟದ್ದನ್ನು ೨೦೩೭-೩೮ರ ವರೆಗೆ ನಡೆಸಿಕೊಂಡು ಹೋಗುವುದು ಎಂದು ಗೊತ್ತಾಗಿದೆ.

ಗಿರಣಿಯ ಗೇಟಿನ ಮುಂದೆಯಾಗಲಿ ಪೇಟೆಯ ಅಂಗಡಿ ಕಟ್ಟೆಯ ಮೇಲಾಗಲಿ ಈ ಸುದ್ದಿ ಮಾತಿಗೆ ಬರಲಿಲ್ಲ. ತುಟ್ಟಿಭತ್ಯೆ ಎಷ್ಟು ಏರಿತು, ಬೇಳೆಯ ಧಾರಣೆ ಎಷ್ಟಾಯಿತು ಎಂಬುದು ಬರುತ್ತದೆ. ಯಾವ ತರುಣ ವಿಜ್ಞಾನಿಗೆ ಯಾವ ಫೆಲೋಶಿಪ್ ಸಿಕ್ಕಿತು ಎಂಬುದು ಬರುವುದಿಲ್ಲ. ಅದು ಬೆಂಗಳೂರು ದಿಲ್ಲಿಗಳ ದೊಡ್ಡ ವಿದ್ಯಾವಂತರ ವಿಷಯ, ನಮಗೇಕೆ ಎಂದು ದುಡಿಯುವ ಜನ ತಿಳಿಯುವುದು ಸಹಜ. ಆದರೆ ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆರಿಗೆ ಕೊಡುತ್ತಾನೆ. ಆ ಸಾವಿರ ಕೋಟಿಯಲ್ಲಿ ಅವನ ಕಾಸೂ ಇದೆ.

ಕಾಸಿನ ಮಾತಷ್ಟೇ ಅಲ್ಲ. ಈ ವಾರ ನಾವು ವಾಚಕರ ಮುಂದೆ ಇಡಬಯಸುವ ಮಾತು ಇದು: ಎಳೆಯರ ಮನಸ್ಸಿಗೆ ಏನಾಗುತ್ತಿದೆ ಎಂದು ಕೇಳಲು ಹಣ ಯಾರಿಗೆ ಸಿಗುತ್ತದೆ ಎಂಬುದರ ಮೇಲೆಯೇ, ಯಾವ ಮಕ್ಕಳನ್ನು ಕೇಳಲಾಗುತ್ತದೆ, ಯಾರ ಮನೆಗೆ ನೆರವು ಮುಟ್ಟುತ್ತದೆ ಎಂಬುದು ತೀರ್ಮಾನವಾಗುತ್ತದೆ. ಆ ತೀರ್ಮಾನದಲ್ಲಿ ಗಿರಣಿ ಕೆಲಸಗಾರನಿಗೂ ಚಿಕ್ಕ ವ್ಯಾಪಾರಿಗೂ ಮಾತಿರಬೇಕು. ಈಗ ಇಲ್ಲ.

ಲೆಕ್ಕದಲ್ಲಿ ಇರುವವರು, ಇಲ್ಲದವರು

ಮನಸ್ಸಿನ ಕಾಯಿಲೆ ಎಂದೊಡನೆ ನಮ್ಮ ಜನ ಹುಚ್ಚಾಸ್ಪತ್ರೆಯನ್ನು ನೆನೆಯುತ್ತಾರೆ. ಅದು ಎಲ್ಲೋ ಒಬ್ಬರಿಗೆ, ನಡುವಯಸ್ಸಿನಲ್ಲಿ, ಕರ್ಮವಶಾತ್ ಬರುವುದೆಂದು ಭಾವಿಸುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಬೇರೆ ಬೇರೆ ದೇಶಗಳ ೧೯೨ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯ ಪ್ರಕಾರ, ಮನೋವ್ಯಾಧಿಗೆ ಒಳಗಾದ ನೂರು ಜನರಲ್ಲಿ ಸುಮಾರು ೩೫ ಜನರಿಗೆ ಅದು ಹದಿನಾಲ್ಕು ತುಂಬುವ ಮೊದಲೇ ಶುರುವಾಗಿರುತ್ತದೆ. ೪೮ ಜನರಿಗೆ ಹದಿನೆಂಟರೊಳಗೆ. ೬೨ ಜನರಿಗೆ ಇಪ್ಪತ್ತೈದರೊಳಗೆ. ಅಂದರೆ ಇದು ಶಾಲೆಗೆ ಹೋಗುವ, ಕೆಲಸಕ್ಕೆ ಸೇರುವ, ಮದುವೆಯ ಮಾತು ನಡೆಯುವ ವಯಸ್ಸಿನ ಕಾಯಿಲೆ. ಹತ್ತರಿಂದ ಹತ್ತೊಂಬತ್ತು ವರ್ಷದ ಏಳು ಜನರಲ್ಲಿ ಒಬ್ಬರಿಗೆ ಇಂಥ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ದೇಶದ ಲೆಕ್ಕವನ್ನು ನೋಡೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೇಳು ವಯಸ್ಸಿನವರಲ್ಲಿ ಶೇಕಡಾ ೭.೩ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಹಳ್ಳಿಗಳಲ್ಲಿ ೬.೯, ಮಹಾನಗರಗಳಲ್ಲಿ ೧೩.೫. ದೇಶದಾದ್ಯಂತ ಸುಮಾರು ೯೮ ಲಕ್ಷ ಹುಡುಗ ಹುಡುಗಿಯರಿಗೆ ನೆರವು ಬೇಕೆಂದು ಅಂದಾಜು ಮಾಡಲಾಯಿತು. ಆ ಸಮೀಕ್ಷೆ ನಡೆದದ್ದು ಹನ್ನೆರಡು ರಾಜ್ಯಗಳಲ್ಲಿ. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ! ಕೋಲಾರ ಜಿಲ್ಲೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡಿ, ಆಮೇಲೆ ಬೇರೆ ರಾಜ್ಯಗಳಿಗೆ ಹೋದರು. ಅಳತೆಗೋಲು ನಮ್ಮ ರಾಜಧಾನಿಯಲ್ಲೇ ತಯಾರಾಯಿತು. ನಮ್ಮ ಮಕ್ಕಳನ್ನು ಅಳೆಯಲಿಲ್ಲ.

ಇನ್ನೊಂದು ಲೆಕ್ಕ ಇನ್ನೂ ಕಹಿಯಾದದ್ದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ ೨೦೨೨ರಲ್ಲಿ ದೇಶದಲ್ಲಿ ೧,೭೦,೯೨೪ ಜನ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರಲ್ಲಿ ೧೩,೦೪೪ ಮಂದಿ ವಿದ್ಯಾರ್ಥಿಗಳು. ಪತ್ರಿಕೆಗಳು ಈ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿದವು, ಮಾಡಬೇಕಾದದ್ದೇ. ಆದರೆ ಅದೇ ಪಟ್ಟಿಯಲ್ಲಿ ಶೇಕಡಾ ೨೬.೪ರಷ್ಟು, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು, ದಿನಗೂಲಿ ಮಾಡುವವರು. ಎಲ್ಲಕ್ಕಿಂತ ದೊಡ್ಡ ಪಾಲು ಅವರದೇ. ಅದಕ್ಕೆ ದಪ್ಪಕ್ಷರ ಸಿಗಲಿಲ್ಲ.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಹದಿನೇಳು ವರ್ಷದ ಹುಡುಗ ಕಾಲೇಜಿಗೆ ಹೋಗುತ್ತಿದ್ದರೆ ಅವನು "ವಿದ್ಯಾರ್ಥಿ". ಅದೇ ವಯಸ್ಸಿನ ಹುಡುಗ ಶಾಲೆ ಬಿಟ್ಟು ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದರೆ ಅವನು "ದಿನಗೂಲಿ". ಮೊದಲನೆಯವನ ಮನಸ್ಸಿನ ಬಗ್ಗೆ ಸಮಿತಿಗಳು ಕೂರುತ್ತವೆ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ವಿಷಯದಲ್ಲಿ ಸುಪ್ರೀಂ ಕೋರ್ಟು ೨೦೨೫ರ ಮಾರ್ಚಿನಲ್ಲಿ ಒಂದು ಕಾರ್ಯಪಡೆಯನ್ನು ನೇಮಿಸಿತು, ಜುಲೈಯಲ್ಲಿ ವಿದ್ಯಾಸಂಸ್ಥೆಗಳಿಗೆಲ್ಲ ನಿರ್ದೇಶನಗಳನ್ನು ಕೊಟ್ಟಿತು. ಸ್ವಾಗತಾರ್ಹ. ಆದರೆ ಎರಡನೆಯವನ ಮನಸ್ಸಿನ ಬಗ್ಗೆ ಯಾವ ಸಮಿತಿ ಕೂತಿತು? ಜವಳಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯ ತನಕ ನಿಂತೇ ಇರುವ ಹುಡುಗಿ, ಗಾರ್ಮೆಂಟ್ಸಿನಲ್ಲಿ ಗಂಟೆಗಿಷ್ಟು ಪೀಸೆಂದು ಹೊಲಿಯುವ ಹುಡುಗಿ, ಹೋಟೆಲಿನಲ್ಲಿ ಲೋಟ ತೊಳೆದು ಅಲ್ಲೇ ಮಲಗುವ ಹುಡುಗ, ಇವರೆಲ್ಲ ಎಳೆಯರಲ್ಲವೇ? ಇವರಿಗೆ ಮನಸ್ಸಿಲ್ಲವೇ?

ಸಂಶೋಧಕರನ್ನು ದೂರುವುದು ಸುಲಭ. ಆದರೆ ಕಾರಣ ಅವರ ಕ್ರೌರ್ಯವಲ್ಲ. ಶಾಲೆಯಲ್ಲಿ ಇನ್ನೂರು ಮಕ್ಕಳು ಒಂದೇ ಕಡೆ ಸಾಲಾಗಿ ಕೂತು ಸಿಗುತ್ತಾರೆ. ಹೆಡ್‌ಮಾಸ್ತರರ ಒಂದು ಸಹಿ ಸಾಕು. ಪಾಳಿಯ ಮೇಲೆ ದುಡಿಯುವ ಹುಡುಗ ಸಿಗಬೇಕಾದರೆ ರಾತ್ರಿ ಹತ್ತಕ್ಕೆ ಓಣಿಗೆ ಹೋಗಬೇಕು, ಮಾಲೀಕನ ಸಿಡುಕನ್ನು ಕೇಳಬೇಕು, ಮೂರು ಸಲ ತಿರುಗಬೇಕು. ಇದಕ್ಕೆಲ್ಲ ಹೊತ್ತು ಬೇಕು, ಹಣ ಬೇಕು. ಎಷ್ಟು ಹಣವೋ ಅಷ್ಟು ದೂರ ಪ್ರಶ್ನೆ ಹೋಗುತ್ತದೆ. ಹಣ ಮುಗಿದ ಕಡೆ ಪ್ರಶ್ನೆಯೂ ನಿಲ್ಲುತ್ತದೆ.

"ಗುಳಿಗೆಯೇ ಇಲ್ಲ, ಸಂಶೋಧನೆ ಏಕೆ?"

ಈ ಮಾತನ್ನು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಪೂರಾ ಇಲ್ಲ. ೨೦೧೯ರ ಒಂದು ಲೆಕ್ಕದಂತೆ ೦.೭೫. ಅವರಲ್ಲೂ ಬಹುಪಾಲು ದೊಡ್ಡ ನಗರಗಳಲ್ಲಿ. ಕೇಂದ್ರದ ಆರೋಗ್ಯ ಬಜೆಟ್ಟಿನ ನೂರು ರೂಪಾಯಿಯಲ್ಲಿ ಮನಸ್ಸಿನ ಆರೋಗ್ಯಕ್ಕೆ ಹೋಗುವುದು ಸುಮಾರು ಒಂದು ರೂಪಾಯಿ. ಹೀಗಿರುವಾಗ ಪ್ರಶ್ನೆ ಕೇಳುವುದಕ್ಕೆ ಕೋಟಿಗಟ್ಟಲೆ ಸುರಿಯುವುದಕ್ಕಿಂತ ಆಸ್ಪತ್ರೆಗೆ ಡಾಕ್ಟರನ್ನು ಕೊಡಿ ಎಂದರೆ ತಪ್ಪೇನು?

ಉತ್ತರಕ್ಕಾಗಿ ನಾವು ದೂರ ಹೋಗಬೇಕಿಲ್ಲ. ಬಳ್ಳಾರಿಗೆ ಹೋದರೆ ಸಾಕು. ೧೯೮೫ರಿಂದ ೧೯೯೦ರ ವರೆಗೆ ನಿಮ್ಹಾನ್ಸಿನವರು ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಮನೋವೈದ್ಯರನ್ನು ಹಳ್ಳಿಹಳ್ಳಿಗೆ ಕಳಿಸಲು ಸಾಧ್ಯವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಬೇಕಾದ ಕೆಲವೇ ಔಷಧಿಗಳನ್ನು ಅಲ್ಲೇ ಇಟ್ಟರೆ ಕೆಲಸ ನಡೆಯುತ್ತದೆಯೇ? ನಡೆಯುತ್ತದೆ ಎಂದು ಬಳ್ಳಾರಿ ತೋರಿಸಿಕೊಟ್ಟಿತು. ಅದೇ ಮಾದರಿಯ ಮೇಲೆ ಭಾರತ ಸರಕಾರ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿತು. ಈಗ ಅದು ೭೦೦ಕ್ಕೂ ಹೆಚ್ಚು ಜಿಲ್ಲೆಗಳ ಕಾಗದದ ಮೇಲಿದೆ. ಕಾಗದದಿಂದ ಕೆಳಗಿಳಿಯಬೇಕೆಂಬುದು ಬೇರೆ ಹೋರಾಟ. ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಈ ಹೊತ್ತು ಒಬ್ಬರಿಗೆ ಗುಳಿಗೆ ಸಿಗುತ್ತಿದ್ದರೆ, ಅದು ಬಳ್ಳಾರಿಯಲ್ಲಿ ಕೆಲವರು ಕೂತು ಕೇಳಿದ ಪ್ರಶ್ನೆಯ ಫಲ. ಸಂಶೋಧನೆ ಗುಳಿಗೆಯ ಶತ್ರುವಲ್ಲ; ಗುಳಿಗೆಗೆ ದಾರಿ ಮಾಡಿದ್ದೇ ಅದು.

ಎಳೆಯರ ವಿಷಯಕ್ಕೆ ಬಂದರೆ ಬಿಹಾರದ ಒಂದು ಉದಾಹರಣೆ ಇದೆ. ನಳಂದಾ ಜಿಲ್ಲೆಯ ೭೪ ಸರಕಾರಿ ಪ್ರೌಢಶಾಲೆಗಳಲ್ಲಿ ನಡೆದ ಅಧ್ಯಯನ. ಫಲಿತಾಂಶ ೨೦೧೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಸ್ಥಳೀಯರಾದ ಸಾಮಾನ್ಯ ಜನರನ್ನೇ ಆರಿಸಿ, ತರಬೇತಿ ಕೊಟ್ಟು, ಮಕ್ಕಳ ಮಾತು ಕೇಳುವ, ಶಾಲೆಯ ವಾತಾವರಣ ಸುಧಾರಿಸುವ ಕೆಲಸಕ್ಕೆ ನೇಮಿಸಿದರು. ಎರಡನೆಯ ಪಾಲಿನಲ್ಲಿ ಅದೇ ಕೆಲಸವನ್ನು ಶಾಲೆಯ ಮಾಸ್ತರರಿಗೇ ವಹಿಸಿದರು. ಮೂರನೆಯದರಲ್ಲಿ ಇದಾವುದೂ ಇರಲಿಲ್ಲ. ಎಂಟು ತಿಂಗಳ ಮೇಲೆ ನೋಡಿದಾಗ ಮೊದಲ ಪಾಲಿನ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಇಳಿದಿತ್ತು, ದೊಡ್ಡವರು ಚಿಕ್ಕವರನ್ನು ಪೀಡಿಸುವುದು ಕಡಿಮೆಯಾಗಿತ್ತು, ಹೊಡೆದಾಟ ತಗ್ಗಿತ್ತು. ಮಾಸ್ತರರಿಗೆ ವಹಿಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ.

ಮಾಸ್ತರರು ಅಸಡ್ಡೆಯವರೆಂದು ಯಾರೂ ಹೇಳಬಾರದು. ನಾವೂ ಪಾಠ ಹೇಳಿದವರೇ. ಸೀಮೆಸುಣ್ಣದ ಧೂಳು ಕುಡಿದವರೇ. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಇವುಗಳ ಮೇಲೆ ಮಗುವಿನ ಮನಸ್ಸನ್ನೂ ಹೊರು ಎಂದರೆ ಒಂದು ಹೆಗಲು ಎಷ್ಟನ್ನು ಹೊತ್ತೀತು? ಅಲ್ಲದೆ, ಬೆತ್ತ ಹಿಡಿದ ಕೈಯ ಮುಂದೆ, ಅಂಕ ಕೊಡುವ ಕೈಯ ಮುಂದೆ, ಮಗು ತನ್ನ ಒಳಗುದಿಯನ್ನು ಹೇಳಿಕೊಂಡೀತೇ? ಈ ಅಧ್ಯಯನ ನಡೆಯದೆ ಇದ್ದಿದ್ದರೆ ಯಾವುದಾದರೂ ಸರಕಾರ ಒಂದು ಸುತ್ತೋಲೆ ಹೊರಡಿಸಿ ಎಲ್ಲವನ್ನೂ ಮಾಸ್ತರರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿತ್ತು. ಕಾಸು ಖರ್ಚಾಗುತ್ತಿತ್ತು, ಮಕ್ಕಳಿಗೆ ಏನೂ ದಕ್ಕುತ್ತಿರಲಿಲ್ಲ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮೊದಲೇ ತಿಳಿಸುವುದು ಸಂಶೋಧನೆಯ ಕೆಲಸ. ತಕ್ಕಡಿಯಿಲ್ಲದೆ ವ್ಯಾಪಾರ ಮಾಡುವ ಅಂಗಡಿಕಾರ ಎಷ್ಟು ದಿನ ಬಾಳುತ್ತಾನೆ?

ಹೊಸಬರಿಗೇ ಏಕೆ?

ಹಣ ಕೊಡುವುದಾದರೆ ಹೆಸರಾದ ಪ್ರೊಫೆಸರರಿಗೆ ಕೊಡಬಹುದಲ್ಲ, ಅನುಭವವಿಲ್ಲದ ಹುಡುಗರಿಗೆ ಏಕೆ ಎಂಬ ಪ್ರಶ್ನೆಯೂ ಇದೆ. ಗಿರಣಿಯವರಿಗೆ ಇದನ್ನು ವಿವರಿಸುವುದು ಸುಲಭ. ಹೊಸಬರಿಗೆ ಮಗ್ಗದ ಮೇಲೆ ಕೈಯಿಡಲು ಬಿಡದಿದ್ದರೆ ಹತ್ತು ವರ್ಷದ ಮೇಲೆ ಮಗ್ಗ ನಡೆಸುವವರು ಯಾರೂ ಇರುವುದಿಲ್ಲ. ಡಾಕ್ಟರೇಟ್ ಮುಗಿದು ಕಾಯಂ ಹುದ್ದೆ ಸಿಗುವ ತನಕದ ಐದಾರು ವರ್ಷಗಳೇ ಸಂಶೋಧಕನ ಬಾಳಿನಲ್ಲಿ ಕಷ್ಟದ ಕಾಲ. ವಯಸ್ಸು ಮೂವತ್ತರ ಆಸುಪಾಸು. ಮನೆಯಲ್ಲಿ ತಂದೆ ತಾಯಿ ವೃದ್ಧರು. ಕೈಯಲ್ಲಿ ವರ್ಷ ವರ್ಷಕ್ಕೂ ನವೀಕರಿಸಬೇಕಾದ ಹಂಗಾಮಿ ಕೆಲಸ. ಆಗ ಆಸರೆ ಸಿಗದಿದ್ದರೆ ಅವನು ಕಂಪನಿ ಸೇರುತ್ತಾನೆ, ಇಲ್ಲವೆ ವಿಮಾನ ಹತ್ತುತ್ತಾನೆ. ಬಡವರ ಮನೆಯಿಂದ ಬಂದವನು ಎಲ್ಲರಿಗಿಂತ ಮೊದಲು ಬಿಡುತ್ತಾನೆ. ಅಪ್ಪನ ಆಸ್ತಿ ಇದ್ದವನು ಉಳಿಯುತ್ತಾನೆ. ಹೀಗೆ ಸೋಸಿ ಸೋಸಿ ಕಡೆಗೆ ಬಡವರ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡುವವರು ಬಡತನವನ್ನು ಕಂಡೇ ಇಲ್ಲದವರಾಗುತ್ತಾರೆ.

ಇದನ್ನು ಅರಿತೇ ಹೊರದೇಶಗಳಲ್ಲಿ ಹೊಸಬರಿಗೆಂದೇ ಪ್ರಶಸ್ತಿಗಳನ್ನು ಇಟ್ಟಿದ್ದಾರೆ. ಅಮೆರಿಕದಲ್ಲಿ ಮಿದುಳು ಮತ್ತು ನಡವಳಿಕೆ ಸಂಶೋಧನಾ ಪ್ರತಿಷ್ಠಾನ ೧೯೮೭ರಿಂದ ತರುಣ ಸಂಶೋಧಕರಿಗೆ ಅನುದಾನ ಕೊಡುತ್ತಾ ಬಂದಿದೆ. ಎರಡು ವರ್ಷಕ್ಕೆ ೭೦,೦೦೦ ಡಾಲರಿನ ವರೆಗೆ. ಬ್ರಿಟನ್ನಿನ ಎಂಕ್ಯೂ ಎಂಬ ಸಂಸ್ಥೆ ಮೂರು ವರ್ಷಕ್ಕೆ ೨,೨೫,೦೦೦ ಪೌಂಡಿನ ವರೆಗೆ ಕೊಟ್ಟಿದೆ. ವೆಲ್‌ಕಮ್ ಟ್ರಸ್ಟು ೨೦೧೯ರಲ್ಲಿ ಎಳೆಯರ ಖಿನ್ನತೆ, ಆತಂಕಗಳ ಸಂಶೋಧನೆಗೆಂದೇ ೨೦ ಕೋಟಿ ಪೌಂಡು ತೆಗೆದಿಡುವುದಾಗಿ ಸಾರಿತು. ನಮ್ಮಲ್ಲೂ ಆ ಟ್ರಸ್ಟು ಮತ್ತು ಸರಕಾರ ಸೇರಿ ೨೦೦೮ರಲ್ಲಿ ಕಟ್ಟಿದ ಇಂಡಿಯಾ ಅಲೈಯನ್ಸ್ ಹೊಸಬರಿಗೆ ಫೆಲೋಶಿಪ್ ಕೊಡುತ್ತದೆ. ಈ ಲೇಖನದ ಆರಂಭದಲ್ಲಿ ಹೇಳಿದ ಹಣ ಅದಕ್ಕೇ ಸೇರಿದ್ದು. ಆದರೆ ಅಲ್ಲಿ ಎಳೆಯರ ಮನಸ್ಸಿನ ಪ್ರಶ್ನೆ, ಕ್ಯಾನ್ಸರು, ಕ್ಷಯ, ಜೀವಕೋಶಗಳ ನೂರೆಂಟು ಪ್ರಶ್ನೆಗಳ ಜೊತೆ ಒಂದೇ ಬಾಗಿಲಲ್ಲಿ ನೂಕಾಡಬೇಕು.

ಎಳೆಯರ ಮನಸ್ಸಿನ ಅಧ್ಯಯನಕ್ಕೆ ಇನ್ನೊಂದು ವಿಶೇಷವಿದೆ: ಅದು ಒಂದು ದಿನದ ಕೆಲಸವಲ್ಲ. ಆರು ವರ್ಷದ ಮಗುವನ್ನು ಇಂದು ನೋಡಿ, ಅದು ಹದಿನಾರಾದಾಗ ಮತ್ತೆ ನೋಡಬೇಕು. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯೂ ಬ್ರಿಟನ್ನಿನ ಅಂಥದೇ ಮಂಡಳಿಯೂ ಸೇರಿ ಹಣ ಕೊಟ್ಟ ಸಿ-ವೇದ ಎಂಬ ಅಧ್ಯಯನ ಇಂಥದು. ಆರರಿಂದ ಇಪ್ಪತ್ತಮೂರು ವರ್ಷದೊಳಗಿನ ಸುಮಾರು ಹತ್ತು ಸಾವಿರ ಮಂದಿಯನ್ನು ಬೆಂಗಳೂರು, ಮೈಸೂರು, ರಿಷಿವ್ಯಾಲಿ, ಚಂಡೀಗಢ, ಕೋಲ್ಕತಾ, ಇಂಫಾಲಗಳಲ್ಲಿ ಗುರುತಿಸಿಕೊಂಡು ಹೊರಟ ಕೆಲಸ ಅದು. ಇಂಥ ಕೆಲಸ ಫಲ ಕೊಡಬೇಕಾದರೆ ಇಂದು ಮೂವತ್ತಾದವನು ನಲವತ್ತೈದಾಗುವ ತನಕ ಅಲ್ಲೇ ಇರಬೇಕು. ನಿವೃತ್ತಿಯ ಅಂಚಿನಲ್ಲಿರುವ ಪ್ರೊಫೆಸರರಿಂದ ಇದು ಆಗುವುದಿಲ್ಲ. ತೆಂಗಿನ ಸಸಿ ನೆಟ್ಟ ಹಾಗೆ. ನೀರು ಹಾಕುವವನು ಕಾಯಿ ಬಿಡುವ ತನಕ ಊರು ಬಿಡಬಾರದು.

ಹಣ ಯಾರದೋ, ಪ್ರಶ್ನೆಯೂ ಅವರದೇ

ಈಗ ಮೂಲಕ್ಕೆ ಬರೋಣ. ಜಗತ್ತಿನಲ್ಲಿ ಮಾನಸಿಕ ಆರೋಗ್ಯದ ಸಂಶೋಧನೆಗೆ ಹಣ ಎಷ್ಟು, ಅದು ಎಲ್ಲಿ ಖರ್ಚಾಗುತ್ತದೆ ಎಂದು ೨೦೨೦ರಲ್ಲಿ ಒಂದು ವರದಿ ಲೆಕ್ಕ ಹಾಕಿತು. ವರ್ಷಕ್ಕೆ ಸುಮಾರು ೩೭೦ ಕೋಟಿ ಡಾಲರು. ಜಗತ್ತಿನ ಜನಕ್ಕೆಲ್ಲ ಹಂಚಿದರೆ ತಲೆಗೆ ಅರ್ಧ ಡಾಲರು. ಇದರಲ್ಲಿ ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಖರ್ಚಾದದ್ದು ನೂರಕ್ಕೆ ೨.೪. ಜಗತ್ತಿನ ಬಹುಪಾಲು ಜನ, ಬಹುಪಾಲು ಎಳೆಯರು, ಈ ದೇಶಗಳಲ್ಲೇ ಇದ್ದಾರೆ. ಒಟ್ಟು ಹಣದ ಅರ್ಧಕ್ಕೂ ಹೆಚ್ಚು ಮೂಲವಿಜ್ಞಾನಕ್ಕೆ ಹೋಯಿತು. ಕಾಯಿಲೆ ಬಾರದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕಿದ್ದು ನೂರಕ್ಕೆ ೭ರಷ್ಟು.

ಪ್ರಯೋಗಶಾಲೆಯ ವಿಜ್ಞಾನವನ್ನು ನಾವು ಹಳಿಯುವವರಲ್ಲ. ಅದು ಬೇಕು. ಆದರೆ ಮಿದುಳಿನ ಚಿತ್ರ ತೆಗೆಯುವ ಯಂತ್ರ, ಅಪ್ಪನ ಗಿರಣಿಗೆ ಬೀಗ ಬಿದ್ದ ದಿನ ಮಗಳ ಮನಸ್ಸಿಗೆ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಕೂಲಿ ಹೆಚ್ಚಾದರೆ ಖಿನ್ನತೆ ಕಡಿಮೆಯಾಗುತ್ತದೆಯೇ? ಸಾಲಗಾರನ ಕಾಟ ತಪ್ಪಿದರೆ ಮನೆಯ ಮಕ್ಕಳು ನಿದ್ದೆ ಮಾಡುತ್ತಾರೆಯೇ? ಇವೂ ವಿಜ್ಞಾನದ ಪ್ರಶ್ನೆಗಳೇ. ಇಂಡೋನೇಷ್ಯದಲ್ಲಿ ಇಂಥ ಒಂದು ಪ್ರಶ್ನೆಯನ್ನು ಕೇಳಿ ನೋಡಿದರು. ಅಲ್ಲಿನ ಸರಕಾರ ಬಡ ಕುಟುಂಬಗಳಿಗೆ ನಗದು ನೆರವು ಕೊಟ್ಟ ಪ್ರದೇಶಗಳಲ್ಲಿ ಆತ್ಮಹತ್ಯೆಗಳು ಶೇಕಡಾ ೧೮ರಷ್ಟು ಇಳಿದವು ಎಂದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಡತನವೇ ರೋಗ, ಡಾಕ್ಟರಿಂದ ಏನಾಗುತ್ತದೆ ಎನ್ನುವ ನಮ್ಮ ಕೆಲವು ಗೆಳೆಯರು ಇದನ್ನು ಗಮನಿಸಬೇಕು. ಅವರ ಮಾತಿಗೆ ಬಲ ಕೊಡುವುದೂ ಸಂಶೋಧನೆಯೇ. ಸಂಶೋಧನೆಯನ್ನು ಬಿಟ್ಟುಕೊಟ್ಟರೆ ಆ ಆಯುಧವೂ ಕೈಬಿಡುತ್ತದೆ.

ಪರರ ಹಣದ ಇನ್ನೊಂದು ಗುಣವೆಂದರೆ, ಅದು ಪರರ ಮನಸ್ಸು ಬಂದಾಗ ನಿಲ್ಲುತ್ತದೆ. ೨೦೨೧ರಲ್ಲಿ ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರಾದಾಯದ ೦.೭ರಿಂದ ೦.೫ಕ್ಕೆ ಇಳಿಸಿದಾಗ, ಆ ನೆರವಿನಿಂದ ಬಡದೇಶಗಳಲ್ಲಿ ನಡೆಯುತ್ತಿದ್ದ ಎಷ್ಟೋ ಸಂಶೋಧನೆಗಳ ಅನುದಾನವನ್ನು ನಡುದಾರಿಯಲ್ಲಿ ಕತ್ತರಿಸಲಾಯಿತು. ೨೦೨೫ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ತನ್ನ ಅನುದಾನದ ಪಾಲನ್ನು ಅಲ್ಲಿನ ವಿಶ್ವವಿದ್ಯಾನಿಲಯಗಳು ವಿದೇಶಿ ಸಂಸ್ಥೆಗಳಿಗೆ ಹಂಚುವ ಪದ್ಧತಿಯನ್ನು ನಿಲ್ಲಿಸುವುದಾಗಿ ಸಾರಿತು. ಉದ್ರಿಯ ಮೇಲೆ ನಡೆಯುವ ಅಂಗಡಿ, ಉದ್ರಿ ಕೊಡುವವನು ಮುನಿದ ದಿನ ಮುಚ್ಚುತ್ತದೆ. ನಮ್ಮ ಮಕ್ಕಳ ಮನಸ್ಸಿನ ಅಧ್ಯಯನ ಹಾಗೆ ಮುಚ್ಚಬಾರದು. ಸಂಶೋಧನೆ ಮತ್ತು ಅಭಿವೃದ್ಧಿಗೆ ಈ ದೇಶ ೨೦೨೦-೨೧ರಲ್ಲಿ ಮಾಡಿದ ಒಟ್ಟು ಖರ್ಚು ರಾಷ್ಟ್ರೀಯ ಉತ್ಪನ್ನದ ಶೇಕಡಾ ೦.೬೪ ಮಾತ್ರ. ಸರಕಾರದ ಕೈ ಇನ್ನೂ ಬಿಗಿಯಾಗಿಯೇ ಇದೆ.

ಇದ್ದ ಹಣವೂ ಎಲ್ಲರಿಗೆ ಎಟುಕುವುದಿಲ್ಲ. ೨೦೨೩ರ ಕಾನೂನಿನ ಮೇಲೆ ಸ್ಥಾಪನೆಯಾದ ಅನುಸಂಧಾನ ಪ್ರತಿಷ್ಠಾನವು ಹೊಸ ಸಂಶೋಧಕರಿಗೆ ಮೂರು ವರ್ಷಕ್ಕೆ ೬೦ ಲಕ್ಷ ರೂಪಾಯಿಯ ವರೆಗೆ ಅನುದಾನ ಕೊಡುತ್ತದೆ. ಒಳ್ಳೆಯದು. ಆದರೆ ಅದನ್ನು ಬೇಡಬೇಕಾದರೆ ಕಾಯಂ ಹುದ್ದೆ ಇರಬೇಕು. ನಮ್ಮ ರಾಜ್ಯದ ಸರಕಾರಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷಗಟ್ಟಲೆ "ಅತಿಥಿ"ಗಳಾಗಿಯೇ ಇದ್ದಾರೆ. ಜಿಲ್ಲೆಯ ಮಕ್ಕಳನ್ನು ಹತ್ತಿರದಿಂದ ಕಂಡವರು ಇವರು. ಇವರಿಗೆ ಆ ಬಾಗಿಲು ಮುಚ್ಚಿದೆ.

ಫೆಲೋ ಕೂಡ ದುಡಿಮೆಗಾರ

ಸಂಶೋಧನಾ ವಿದ್ಯಾರ್ಥಿ ಎಂದರೆ ಸರಕಾರದ ದುಡ್ಡಿನಲ್ಲಿ ಓದುತ್ತಾ ಕಾಲ ಕಳೆಯುವವನು ಎಂಬ ತಪ್ಪು ಕಲ್ಪನೆ ಪೇಟೆಯಲ್ಲಿದೆ. ಕಿರಿಯ ಫೆಲೋಶಿಪ್ಪಿನ ಮಾಸಿಕ ಮೊತ್ತ ೨೦೨೩ರ ಜನವರಿಯಿಂದ ೩೭,೦೦೦ ರೂಪಾಯಿ, ಹಿರಿಯದು ೪೨,೦೦೦. ಈ ಏರಿಕೆಗಾಗಿ ಸಂಶೋಧಕರು ಬೀದಿಗಿಳಿಯಬೇಕಾಯಿತು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಫೆಲೋಶಿಪ್ ಸಿಗದೆ ಕೇಂದ್ರ ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರೇಟ್ ಮಾಡುವವರಿಗೆ ಗೊತ್ತು ಮಾಡಿದ್ದು ತಿಂಗಳಿಗೆ ೮,೦೦೦ ರೂಪಾಯಿ. ಅದನ್ನೂ ನಿಲ್ಲಿಸುವ ತೀರ್ಮಾನ ೨೦೧೫ರ ಅಕ್ಟೋಬರಿನಲ್ಲಿ ಹೊರಬಿದ್ದಾಗ ವಿದ್ಯಾರ್ಥಿಗಳು ದಿಲ್ಲಿಯ ಯುಜಿಸಿ ಕಚೇರಿಯ ಮುಂದೆ ಹಗಲು ರಾತ್ರಿ ಕೂತರು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ೨೦೨೨ರಲ್ಲಿ ರದ್ದು ಮಾಡಲಾಯಿತು. ಮಂಜೂರಾದ ಹಣವೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ ಎಂಬುದು ಹಳೆಯ ದೂರು. ಸಂಬಳ ತಡವಾದರೆ ಗಿರಣಿಯಲ್ಲಿ ಏನಾಗುತ್ತದೆ ಎಂದು ನಮ್ಮ ವಾಚಕರಿಗೆ ಹೇಳಬೇಕಿಲ್ಲ. ಇತರರ ಮನಸ್ಸಿನ ನೋವನ್ನು ಅಳೆಯಲು ಹೊರಟವನು ತನ್ನ ಮನೆಬಾಡಿಗೆಯ ಚಿಂತೆಯಲ್ಲಿ ನಿದ್ದೆಗೆಟ್ಟರೆ ಕೆಲಸ ಹೇಗೆ ನಡೆದೀತು? ಅವನೂ ದುಡಿಮೆಗಾರ. ಅವನ ಬೇಡಿಕೆ ನಮ್ಮ ಬೇಡಿಕೆಯ ಪಕ್ಕದಲ್ಲೇ ನಿಲ್ಲಬೇಕು.

ನಮ್ಮ ಬೇಡಿಕೆ

ಬರಿಯ ದೂರಿನಿಂದ ಪ್ರಯೋಜನವಿಲ್ಲ. ಆಗಬೇಕಾದದ್ದನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದು: ಹೊಸ ಸಂಶೋಧಕರಿಗೆಂದು ಕೇಂದ್ರ ಸರಕಾರ ಕೊಡುವ ಹಣದಲ್ಲಿ, ಇಪ್ಪತ್ತೈದರೊಳಗಿನವರ ಮಾನಸಿಕ ಆರೋಗ್ಯಕ್ಕೆ ಪ್ರತ್ಯೇಕ ಪಾಲು ತೆಗೆದಿಡಬೇಕು. ರಾಜ್ಯ ಸರಕಾರವೂ ತನ್ನ ಕಡೆಯಿಂದ ಅಂಥ ಫೆಲೋಶಿಪ್ಪುಗಳನ್ನು ಸ್ಥಾಪಿಸಬೇಕು.

ಎರಡು: ಅದರಲ್ಲಿ ಅರ್ಧದಷ್ಟಾದರೂ ಮಹಾನಗರಗಳ ಹೊರಗೆ, ಜಿಲ್ಲಾ ಆಸ್ಪತ್ರೆ ಮತ್ತು ಜಿಲ್ಲಾ ಕಾಲೇಜುಗಳನ್ನು ಕೇಂದ್ರ ಮಾಡಿಕೊಂಡು ನಡೆಯಬೇಕು. ಅತಿಥಿ ಉಪನ್ಯಾಸಕರಿಗೂ ಅರ್ಜಿ ಹಾಕುವ ಹಕ್ಕು ಬೇಕು.

ಮೂರು: ಎಳೆಯರೆಂದರೆ ವಿದ್ಯಾರ್ಥಿಗಳು ಮಾತ್ರ ಎಂಬ ಲೆಕ್ಕ ಹೋಗಬೇಕು. ಗಿರಣಿ, ಗಾರ್ಮೆಂಟ್ಸ್, ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ಎಳೆಯರನ್ನು ಬಿಟ್ಟ ಅಧ್ಯಯನ ಅರ್ಧ ಅಧ್ಯಯನ.

ನಾಲ್ಕು: ಪ್ರಶ್ನೆ ಜನರ ಮಾತಿನಲ್ಲಿರಬೇಕು. ನಮ್ಮ ಹುಡುಗಿ ತನಗೆ ಖಿನ್ನತೆ ಇದೆ ಎನ್ನುವುದಿಲ್ಲ. "ಎದೆ ಭಾರ ಆಗೈತಿ, ಯಾತರ ಮ್ಯಾಲೂ ಮನಸ್ಸಿಲ್ಲ" ಎನ್ನುತ್ತಾಳೆ. ಈ ಮಾತನ್ನು ಹಿಡಿಯದ ಪ್ರಶ್ನಾವಳಿ ಅವಳನ್ನು ಆರೋಗ್ಯವಂತಳೆಂದು ಬರೆದುಕೊಂಡು ಹೋಗುತ್ತದೆ. ಇದು ಹೊಸ ಬೇಡಿಕೆಯಲ್ಲ. ಉಡುಪಿಯ ಬಳಿಯ ಕೋಟ ಗ್ರಾಮದಲ್ಲಿ ಡಾ. ಆರ್. ಎಲ್. ಕಪೂರ್ ಮತ್ತು ಕಾರ್‌ಸ್ಟೇರ್ಸ್ ನಡೆಸಿ ೧೯೭೬ರಲ್ಲಿ ಪುಸ್ತಕವಾಗಿ ತಂದ ಅಧ್ಯಯನಕ್ಕೆ, ಇಲ್ಲಿಯ ಜನಕ್ಕೆ ಒಪ್ಪುವ ಪ್ರಶ್ನಾವಳಿಯನ್ನೇ ಬೇರೆಯಾಗಿ ಸಿದ್ಧಪಡಿಸಿದ್ದರು. ಅರ್ಧ ಶತಮಾನದ ಹಿಂದೆ ಆದದ್ದು ಈಗ ಏಕಾಗದು?

ಐದು: ಫೆಲೋಶಿಪ್ ಹಣ ಗೊತ್ತಾದ ದಿನಕ್ಕೆ ಕೈಸೇರಬೇಕು. ಮನೆಮನೆ ತಿರುಗಿ ಪ್ರಶ್ನೆ ಕೇಳುವ ಕ್ಷೇತ್ರ ಕಾರ್ಯಕರ್ತರಿಗೂ ನ್ಯಾಯವಾದ ಸಂಬಳ ಆ ಅನುದಾನದಲ್ಲೇ ಸೇರಿರಬೇಕು.

ಆರು: ಕಂಡುಕೊಂಡದ್ದನ್ನು ಕಂಡುಕೊಂಡ ಊರಿಗೆ ಕನ್ನಡದಲ್ಲಿ ಒಪ್ಪಿಸಬೇಕು. ಹುಡುಗ ಹೇಳಿದ ಗುಟ್ಟು ಮಾಲೀಕನ ಕಿವಿಗಾಗಲಿ ಹೆಡ್‌ಮಾಸ್ತರರ ಕಿವಿಗಾಗಲಿ ಬೀಳಬಾರದು. ಆದರೆ ಒಟ್ಟು ಫಲಿತಾಂಶ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿ ಬೀರು ಸೇರಿದರೆ ಊರಿಗೆ ಏನು ಸಿಕ್ಕಿತು?

ಇವು ಕೈಗೆಟುಕದ ಬೇಡಿಕೆಗಳಲ್ಲ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಯುವಜನರಿಗೆ ಮಾರ್ಗದರ್ಶನ ಕೊಡಲು ರಾಜ್ಯ ಸರಕಾರ ಅದರ ಜೊತೆ ಸೇರಿ ಜಿಲ್ಲೆಗಳಲ್ಲಿ ಯುವ ಸ್ಪಂದನ ಕೇಂದ್ರಗಳನ್ನು ತೆರೆಯಿತು. ಬುನಾದಿ ಇದೆ, ಅದರ ಮೇಲೆ ಗೋಡೆ ಏಳಬೇಕು. ಗೋಡೆ ಏಳಬೇಕಾದರೆ ಕೇಳುವವರಿರಬೇಕು. ಯೂನಿಯನ್ನುಗಳು ಬೋನಸ್ಸಿನ ಬೇಡಿಕೆಯ ಜೊತೆ ಇದನ್ನೂ ತಮ್ಮ ಠರಾವಿನಲ್ಲಿ ಸೇರಿಸಬೇಕು. ವರ್ತಕರ ಸಂಘದವರು ತಮ್ಮ ಅಂಗಡಿಗಳಲ್ಲಿ ದುಡಿಯುವ ಹುಡುಗರನ್ನು ಮಾತಾಡಿಸಲು ಬರುವ ಸಂಶೋಧಕರನ್ನು ಬಾಗಿಲಲ್ಲೇ ತಡೆಯದೆ ಅರ್ಧ ಗಂಟೆ ಬಿಡುವು ಕೊಡಬೇಕು. ಶಾಸಕರು, ಲೋಕಸಭಾ ಸದಸ್ಯರು ವೋಟಿಗೆ ಬಂದಾಗ ರಸ್ತೆ, ನೀರಿನ ಜೊತೆ ಈ ಪ್ರಶ್ನೆಯನ್ನೂ ಅವರಿಗೆ ಕೇಳಬೇಕು.

ಅಲ್ಲಿಯ ತನಕ ಕಾಯಲಾಗದ ಮನೆಗಳೂ ಇವೆ. ಮನೆಯಲ್ಲಿ ಮಗನೋ ಮಗಳೋ ಊಟ ಬಿಟ್ಟು, ನಿದ್ದೆ ಬಿಟ್ಟು, ಮಾತು ಬಿಟ್ಟು ಕೂತಿದ್ದರೆ ಸೋಮಾರಿತನವೆಂದು ಗದರಬೇಡಿ, ಗಾಳಿ ಸೋಕಿತೆಂದು ಹೊಡೆಯಬೇಡಿ. ಪಕ್ಕದಲ್ಲಿ ಕೂತು ಕೇಳಿ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು ೧೪೪೧೬. ಹಗಲು ರಾತ್ರಿ ಯಾವ ಹೊತ್ತಿಗೂ, ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಅಂಗಡಿಯ ಗೋಡೆಯ ಮೇಲೆ, ಗಿರಣಿಯ ನೋಟಿಸ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹಾಕಿ.

ದುಡಿಯುವವರ ಮಕ್ಕಳ ಹಸಿವು ಲೆಕ್ಕಕ್ಕೆ ಬರಲು ಒಂದು ಕಾಲದ ಹೋರಾಟ ಬೇಕಾಯಿತು. ಅವರ ಅಕ್ಷರ ಲೆಕ್ಕಕ್ಕೆ ಬರಲು ಇನ್ನೊಂದು ಕಾಲದ ಹೋರಾಟ. ಅವರ ಮನಸ್ಸು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆ ಲೆಕ್ಕ ಬರೆಯುವ ಲೇಖಣಿ ಯಾರ ಕೈಯಲ್ಲಿರಬೇಕು, ಯಾವ ಊರಿನಲ್ಲಿ ಕೂತು ಬರೆಯಬೇಕು, ಯಾರ ಹೆಸರನ್ನು ಬಿಡದೆ ಬರೆಯಬೇಕು ಎಂದು ಕೇಳುವ ಹಕ್ಕು, ಶಾಯಿಗೆ ಕಾಸು ಕೊಟ್ಟವರೆಲ್ಲರಿಗೂ ಉಂಟು.